ಮನೆಯಲ್ಲಿ ಕಟ್ಟಿದ ಕ್ಯಾಂಪರ್ ಟ್ರೈಲರ್ ದಾರಿಯಲ್ಲಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವುದು

ಕಾರಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಟ್ರೈಲರ್ ದೊಡ್ಡದೇನಲ್ಲ. ಕಬ್ಬಿಣದ ಚಾಸಿ, ಒಂದು ಅಚ್ಚು, ಎರಡು ಗಾಲಿ, ಮೇಲೆ ಪ್ಲೈವುಡ್ ಪೆಟ್ಟಿಗೆ. ಒಳಗೆ ಇಬ್ಬರು ಮಲಗಬಹುದು. ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ದಾವಣಗೆರೆಯಲ್ಲಿ ಗೆಳೆಯನ ವೆಲ್ಡಿಂಗ್ ಶಾಪಿನ ಹಿಂದೆ, ಭಾನುವಾರ ಭಾನುವಾರ ಕೂತು ಕಟ್ಟಿದ್ದು. ಸಾಮಾನು ತುಂಬಿದರೆ ಸುಮಾರು 400 ಕೆಜಿ ತೂಗುತ್ತೆ. ಕಟ್ಟುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಟ್ಟಿದ್ದು ಯಾಕೆ ಅಲ್ಲಾಡುತ್ತೆ, ಯಾಕೆ ಸೋರುತ್ತೆ, ಯಾಕೆ ಬಿಸಿಯಾಗುತ್ತೆ ಅಂತ ತಿಳಿಯುವುದರಲ್ಲಿ ಎರಡು ಮಳೆಗಾಲ ಹೋದವು.

ಅದರಲ್ಲಿ ಅರ್ಧ ತಪ್ಪು ನಾನು ಮೊದಲೇ ದುಡ್ಡಿಗೆ ಕೈ ಹಾಕಿದ್ದು. ಅಲ್ಲಾಡಿದರೆ ಟೈರ್ ಅಂಗಡಿ, ದೀಪ ಹತ್ತದಿದ್ದರೆ ಹೊಸ ದೀಪ. ಟ್ರೈಲರ್ ಅಂದರೆ ಕೊನೆಗೂ ಎತ್ತಿನ ಬಂಡಿಯ ಮೊಮ್ಮಗ ಅಲ್ವಾ. ಮೂಕಿ, ಅಚ್ಚು, ಕಡೆಗೀಲು, ಕೀಲೆಣ್ಣೆ ಇವಿಷ್ಟು ಸರಿಯಿದ್ದರೆ ಬಂಡಿ ಓಡುತ್ತಿತ್ತು. ಇದಕ್ಕೂ ಮೊದಲು ನೋಡಬೇಕಾದ್ದು ಅವೇ, ಹೆಸರು ಮಾತ್ರ ಬೇರೆ.

ಇನ್ನೂ ಕಟ್ಟದೆ ಇರುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೈಲರ್ ಕೂಡ ವಾಹನವೇ, ನೋಂದಣಿ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಕಬ್ಬಿಣ ಕೊಯ್ಯುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ (ದಾವಣಗೆರೆ ಕೆಎ 17, ಚಿತ್ರದುರ್ಗ ಕೆಎ 16) ಕೇಳಿಕೊಳ್ಳಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಎಷ್ಟು ಭಾರ ಎಳೆಯಬಹುದು ಅಂತ ಬರೆದಿದ್ದರೆ ಅದೇ ಕೊನೆ ಮಾತು. ಎಳೆಯಲೇಬಾರದು ಅಂತ ಬರೆದಿದ್ದರೂ ಅಷ್ಟೇ.

ಜೊತೆಗೆ ಇರಬೇಕಾದ ಸಾಮಾನು: ಜಾಕ್, ಗಾಲಿಗೆ ಅಡ್ಡ ಕೊಡಲು ಎರಡು ಮರದ ತುಂಡು, ಗಾಳಿ ನೋಡುವ ಗೇಜ್, ಟೇಪು, ಟೆಸ್ಟ್ ಲ್ಯಾಂಪ್, ಒಂದು ಅಗ್ಗದ ಮಲ್ಟಿಮೀಟರ್, ಬೇರಿಂಗ್ ಗ್ರೀಸ್ ಡಬ್ಬಿ, ನಾಲ್ಕಾರು ಸ್ಪ್ಲಿಟ್ ಪಿನ್, ಗಾಲಿ ನಟ್ಟಿನ ಪಾನಾ. ಜಾಕ್ ಮೇಲೆ ನಿಂತ ಟ್ರೈಲರ್ ಅಡಿಗೆ ತಲೆ ಹಾಕಬೇಡಿ. ಜಾಕ್ ಇರುವುದು ಎತ್ತಲಿಕ್ಕೆ. ಎತ್ತಿದ ಮೇಲೆ ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ.

ಟ್ರೈಲರ್ ಬಾಲದ ಹಾಗೆ ತೂಗುತ್ತಿದೆ

ನಮ್ಮ ಮೊದಲ ಪ್ರಯಾಣ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆಗೆ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಮೀ, ಅಲ್ಲಿಂದ ಹಿರಿಯೂರು ಇನ್ನೊಂದು 40. ಭರಮಸಾಗರ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ, ಗಂಟೆಗೆ 75 ಕಿಮೀ ವೇಗದಲ್ಲಿದ್ದೆ, ಹಿಂದಿನಿಂದ ಯಾರೋ ಕಾರಿನ ಸೊಂಟ ಹಿಡಿದು ಅತ್ತಿತ್ತ ಎಳೆದ ಹಾಗಾಯಿತು. ಟ್ರೈಲರ್ ಒಮ್ಮೆ ಎಡಗನ್ನಡಿಯಲ್ಲಿ ಕಾಣುತ್ತೆ, ಒಮ್ಮೆ ಬಲಗನ್ನಡಿಯಲ್ಲಿ. ಹೆಂಡತಿ ಏನೂ ಮಾತಾಡಲಿಲ್ಲ. ಬಾಗಿಲ ಮೇಲಿನ ಹಿಡಿಕೆಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದು ಮೊದಲು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರಕ್ಕೆ ಹಿಡಿದುಕೊಳ್ಳಿ, ಗಾಡಿ ತಾನಾಗಿ ನಿಧಾನವಾಗಲಿ. ಜೋರಾಗಿ ಬ್ರೇಕ್ ತುಳಿಯಬೇಡಿ, ಕಾರು ನಿಧಾನವಾಗಿ ಟ್ರೈಲರ್ ಹಿಂದಿನಿಂದ ತಳ್ಳಿದರೆ ಎರಡೂ ಮಡಚಿಕೊಳ್ಳುತ್ತವೆ. ತೂಗುವುದಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಲೂ ಬೇಡಿ. ನೀವು ತಿರುಗಿಸುವಷ್ಟರಲ್ಲಿ ಅದು ಇನ್ನೊಂದು ಕಡೆಗೆ ಹೋಗಿರುತ್ತೆ, ತೂಗು ಇನ್ನೂ ಜಾಸ್ತಿಯಾಗುತ್ತೆ. ವೇಗ ಹೆಚ್ಚಿಸಿದರೆ ನೇರವಾಗುತ್ತೆ ಅಂತ ಹೇಳುವವರಿದ್ದಾರೆ, ಅವರ ಮಾತು ಕೇಳಬೇಡಿ.

ನನಗೆ ಅನುಮಾನ ಬಂದದ್ದು ಟೈರ್ ಮೇಲೆ. ಚಿತ್ರದುರ್ಗದಲ್ಲಿ ಒಂದು ಟೈರ್ ಅಂಗಡಿ ಮುಂದೆ ಎರಡು ಗಂಟೆ ಕಳೆದು, ಗಾಲಿ ಬ್ಯಾಲೆನ್ಸ್ ಮಾಡಿಸಿ, 50ರ ಮೇಲೆ ಹೋಗದೆ ಹೇಗೋ ಹೋಗಿ ಬಂದೆವು. ನಿಜವಾದ ಕಾರಣ ಹೇಳಿದ್ದು ನಮ್ಮ ದೊಡ್ಡಪ್ಪ. ಎಪ್ಪತ್ತು ದಾಟಿದ ಮನುಷ್ಯ, ಟ್ರೈಲರ್ ಸುತ್ತ ಒಂದು ಸುತ್ತು ಬಂದು, ಮೂತಿಯನ್ನು, ಅಂದರೆ ಕಾರಿಗೆ ಸಿಕ್ಕಿಸುವ ಮುಂದಿನ ತುದಿಯನ್ನು, ಒಂದೇ ಕೈಯಲ್ಲಿ ಹೂವಿನ ಹಾಗೆ ಎತ್ತಿಬಿಟ್ಟರು. "ಹಿಂಭಾರ ಆಗೈತಲ್ಲೋ ತಮ್ಮಾ. ಮೂಕಿ ಹಿಂಗೆ ಹಗುರಿದ್ರೆ ಬಂಡಿ ನಿನ್ ಮಾತು ಹೆಂಗ್ ಕೇಳೀತು?"

ಹಿಂದಿನ ಅಡುಗೆ ಕಟ್ಟೆ ಕೆಳಗೆ ನಾನು 20 ಲೀಟರಿನ ಎರಡು ನೀರಿನ ಕ್ಯಾನ್ ಇಟ್ಟಿದ್ದೆ. ಅದೇ 40 ಕೆಜಿ. ಪಕ್ಕದಲ್ಲೇ ಬ್ಯಾಟರಿ. ಎಲ್ಲಾ ಕೈಗೆ ಸಿಗಲಿ ಅಂತ ಹಾಗೆ ಇಟ್ಟದ್ದು. ತೂಗಿ ನೋಡಿದರೆ ಮೂತಿಯ ಮೇಲಿನ ಭಾರ ಬರೀ 14 ಕೆಜಿ. ಇರಬೇಕಾದ್ದು ಟ್ರೈಲರಿನ ಒಟ್ಟು ತೂಕದಲ್ಲಿ 100ಕ್ಕೆ 10ರಿಂದ 15 ಪಾಲು, ಅಂದರೆ 400 ಕೆಜಿಗೆ 40ರಿಂದ 60 ಕೆಜಿ. ಕಾರಿಗೆ ಕೂರಿಸಿದ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಅಷ್ಟನ್ನು ಹೊರಬಲ್ಲದಾ ಅನ್ನುವುದನ್ನೂ ನೋಡಿಕೊಳ್ಳಿ.

ತೂಕ ನೋಡುವುದು ಸುಲಭ. ಒಟ್ಟು ತೂಕಕ್ಕೆ ವೇ ಬ್ರಿಡ್ಜ್ ಇದ್ದೇ ಇದೆ, ಮೆಕ್ಕೆಜೋಳದ ಸೀಜನ್ ಬಿಟ್ಟು ಹೋಗಿ, ಇಲ್ಲದಿದ್ದರೆ ಲಾರಿ ಸಾಲಿನಲ್ಲಿ ಅರ್ಧ ದಿನ ನಿಲ್ಲುತ್ತೀರಿ. ಮೂತಿ ಭಾರಕ್ಕೆ ವೇ ಬ್ರಿಡ್ಜ್ ಬೇಡ, ಅಷ್ಟು ಸಣ್ಣ ತೂಕ ಅದರಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಮನುಷ್ಯರು ತೂಕ ನೋಡಿಕೊಳ್ಳುವ ಮಿಷಿನ್ ಸಾಕು. ಸಮತಟ್ಟು ನೆಲ, ಗಾಲಿಗೆ ಅಡ್ಡ ತುಂಡು, ಮಿಷಿನ್ ಮೇಲೆ ಒಂದು ಮರದ ಗಟ್ಟಿ. ಕಾರಿಗೆ ಸಿಕ್ಕಿಸಿದಾಗ ಮೂತಿ ಎಷ್ಟು ಎತ್ತರದಲ್ಲಿ ಇರುತ್ತೋ ಅಷ್ಟೇ ಎತ್ತರದಲ್ಲಿ ಇಟ್ಟು ತೂಗಿ. ಪ್ರಯಾಣಕ್ಕೆ ತುಂಬುವ ಸಾಮಾನೆಲ್ಲ ತುಂಬಿಯೇ ತೂಗಬೇಕು. ಖಾಲಿ ಟ್ರೈಲರ್ ತೂಗಿ ಪ್ರಯೋಜನ ಇಲ್ಲ.

ನೀರಿನ ಕ್ಯಾನ್ ಅಚ್ಚಿನ ಮುಂದಕ್ಕೆ ಬಂದವು, ಬ್ಯಾಟರಿ ಮೂತಿಯ ಹತ್ತಿರದ ಪೆಟ್ಟಿಗೆಗೆ ಹೋಯಿತು. ಮೂತಿ ಭಾರ 46 ಕೆಜಿ. ಅತ್ತಿತ್ತ ತೂಗುವುದು ನಿಂತೇಹೋಯಿತು. ಖರ್ಚು ಸೊನ್ನೆ, ಟೈರ್ ಅಂಗಡಿಗೆ ಕೊಟ್ಟದ್ದು ಬಿಟ್ಟು.

ಮುಂಭಾರ ಜಾಸ್ತಿಯಾದರೂ ತೊಂದರೆಯೇ, ಆದರೆ ಅದರ ಲಕ್ಷಣ ಬೇರೆ. ಕಾರಿನ ಹಿಂಭಾಗ ಕುಸಿಯುತ್ತೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ಸಡಿಲ ಅನ್ನಿಸುತ್ತೆ, ರಾತ್ರಿ ಎದುರಿನವರು ಸುಮ್ನೆ ಸುಮ್ನೆ ಲೈಟ್ ಹೊಡೆಯುತ್ತಾರೆ. ನಿಮ್ಮ ಹೆಡ್‌ಲೈಟ್ ಅವರ ಕಣ್ಣಿಗೆ ಬೀಳುತ್ತಿದೆ ಅಂತ ಅರ್ಥ.

ಭಾರ ಸರಿಯಿದ್ದೂ ಅತ್ತಿತ್ತ ತೂಗಿದರೆ ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಟ್ರೈಲರ್ ಟೈರ್ ಮತ್ತು ಕಾರಿನ ಹಿಂದಿನ ಟೈರ್ ಗಾಳಿ. ಗಾಲಿ ನಟ್ಟು. ಕಪ್ಲರ್ (ಹಿಚ್ಚಿನ ಬಾಲ್ ಅಂದರೆ ಗುಂಡಿನ ಮೇಲೆ ಕೂರುವ ಮೂತಿಯ ಬಾಯಿ) ಸಡಿಲ. ಟ್ರೈಲರ್ ಸಮವಾಗಿ ನಿಂತಿದೆಯಾ, ಮೂಗು ಮೇಲಾಗಿದೆಯಾ. ಸಮ ಇರಬೇಕು, ಇಲ್ಲಾ ಮೂಗು ಒಂಚೂರು ಕೆಳಗೆ. ಇವೆಲ್ಲ ಸರಿಯಿದ್ದರೆ ಅಚ್ಚು ಕೂರಿಸಿದ ಜಾಗವೇ ತಪ್ಪಿರಬಹುದು. ಪೆಟ್ಟಿಗೆಯ ಉದ್ದವನ್ನು ಹತ್ತು ಪಾಲು ಮಾಡಿದರೆ ಸುಮಾರು ಆರು ಪಾಲು ಅಚ್ಚಿನ ಮುಂದೆ, ನಾಲ್ಕು ಹಿಂದೆ ಇರಬೇಕು. ಸರಿಯಾಗಿ ನಡುವೆ ಕೂರಿಸಿದವರು ಬಹಳ ಜನ. ಅಚ್ಚು ಹಿಂದಕ್ಕೆ ಸರಿಸುವುದು ವೆಲ್ಡಿಂಗ್ ಬಲ್ಲವರ ಕೆಲಸ, ಅಲ್ಲಿವರೆಗೆ ಟ್ರೈಲರ್ ಮನೆಯಲ್ಲೇ ಇರಲಿ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪಕ್ಕದಿಂದ ಗಾಳಿ ಹೊಡೆದಾಗ, ಬಸ್ಸು ಲಾರಿ ಓವರ್‌ಟೇಕ್ ಮಾಡಿದಾಗ ಒಮ್ಮೆ ತಳ್ಳಿದ ಹಾಗಾಗಿ ತಾನೇ ನೇರವಾದರೆ ಅದು ಸಹಜ. ಬಸ್ಸು ಹೋಗಿ ಐದು ಸೆಕೆಂಡ್ ಆದರೂ ತೂಗುತ್ತಲೇ ಇದ್ದರೆ ತಪ್ಪು ಗಾಳಿಯದ್ದಲ್ಲ, ಮೇಲಿನ ಪಟ್ಟಿಗೆ ಹಿಂದಿರುಗಿ. ನಾನಂತೂ ಎಷ್ಟೇ ಒಳ್ಳೆಯ ರಸ್ತೆ ಇದ್ದರೂ ಈಗ 65 ದಾಟುವುದಿಲ್ಲ.

ಗಾಲಿ ಹತ್ತಿರ ಕರಕಲು ವಾಸನೆ, ಗುಂಯ್ ಅನ್ನುವ ಸದ್ದು

ಇದಕ್ಕೆ ಅತಿ ಒಳ್ಳೆಯ ಉಪಕರಣ ನಿಮ್ಮ ಅಂಗೈ. ಹೊರಟು 20 ಕಿಮೀ ಆದ ಮೇಲೆ ಒಮ್ಮೆ, ಆಮೇಲೆ ಚಹಾಕ್ಕೆ ನಿಂತಾಗಲೆಲ್ಲ, ಎರಡೂ ಗಾಲಿಯ ಹಬ್, ಅಂದರೆ ನಡುವಿನ ಗುಂಬ, ಮುಟ್ಟಿ ನೋಡಿ. ಮೊದಲು ಹತ್ತಿರ ಕೈ ಹಿಡಿದು ಝಳ ನೋಡಿಕೊಂಡು ಆಮೇಲೆ ಮುಟ್ಟಿ, ಇಲ್ಲದಿದ್ದರೆ ಚರ್ಮ ಅಲ್ಲೇ ಉಳಿಯುತ್ತೆ. ಬೆಚ್ಚಗಿದ್ದರೆ ಸರಿ. ಎರಡು ಮೂರು ಸೆಕೆಂಡ್ ಕೈ ಇಡಲು ಆಗದಷ್ಟು ಬಿಸಿ ಇದ್ದರೆ, ಅಥವಾ ಒಂದು ಕಡೆ ಬೆಚ್ಚಗೆ ಇನ್ನೊಂದು ಕಡೆ ಸುಡುತ್ತಿದ್ದರೆ, ಅಲ್ಲಿಂದ ಮುಂದೆ ಹೋಗಬೇಡಿ. ಬಿಸಿ ಹಬ್ ಮೇಲೆ ನೀರು ಸುರಿಯಲೂ ಬೇಡಿ, ತಾನಾಗಿ ಆರಲಿ. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿಗೆ ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾರೆ.

ಆರಿದ ಮೇಲೆ ಆ ಗಾಲಿ ಜಾಕ್ ಮೇಲೆ ಎತ್ತಿ. ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. 'ಕಟಕ್ ಕಟಕ್' ಅಂದರೆ ಬೇರಿಂಗ್ ಸಡಿಲ. ಅಲ್ಲಾಡದೆ, ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿ ತಿರುಗಿದರೆ ನಟ್ಟು ಜಾಸ್ತಿ ಬಿಗಿಯಾಗಿದೆ. ಮರಳು ಅರೆದ ಹಾಗೆ ಕರಕರ ಅಂದರೆ ಬೇರಿಂಗ್ ಹೋಗಿದೆ. ಗಾಲಿಯ ಒಳಮೈಗೆ ಗ್ರೀಸ್ ಎರಚಿಕೊಂಡಿದ್ದರೆ ಹಿಂದಿನ ಆಯಿಲ್ ಸೀಲ್ ಹರಿದಿದೆ, ಒಳಗೆ ಗ್ರೀಸ್ ಉಳಿದಿರುವುದು ಅನುಮಾನ. ಬ್ರೇಕ್ ಇರುವ ಟ್ರೈಲರ್ ಆದರೆ ಬ್ರೇಕ್ ಹಿಡಿದುಕೊಂಡೇ ಇದ್ದರೂ ಹಬ್ ಸುಡುತ್ತೆ, ಅದನ್ನೂ ನೋಡಿ.

ಸಡಿಲ ಅಥವಾ ಬಿಗಿ ಅಷ್ಟೇ ಆಗಿದ್ದರೆ ರಸ್ತೆ ಬದಿಯಲ್ಲೇ ಸರಿಮಾಡಬಹುದು. ಹಬ್ಬಿನ ಮುಚ್ಚಳ ತೆಗೆದು ಸ್ಪ್ಲಿಟ್ ಪಿನ್ ಎಳೆಯಿರಿ. ಗಾಲಿಯನ್ನು ಒಂದು ಕೈಯಲ್ಲಿ ತಿರುಗಿಸುತ್ತಾ ನಟ್ಟನ್ನು ಸ್ವಲ್ಪ ತಡೆ ಸಿಗುವವರೆಗೆ ಬಿಗಿ ಮಾಡಿ, ಆಮೇಲೆ ಪಿನ್ ತೂತು ಸಿಗುವ ನಟ್ಟಿನ ಮೊದಲ ಸೀಳಿಗೆ ಹಿಂದಕ್ಕೆ ತಿರುಗಿಸಿ, ಹೊಸ ಪಿನ್ ಹಾಕಿ ಮಡಚಿ. ಹಳೆ ಪಿನ್ ನೇರ ಮಾಡಿ ಮತ್ತೆ ಹಾಕುವ ಜಿಪುಣತನ ಬೇಡ. ಬಂಡಿಯ ಕಡೆಗೀಲು ಇದೇ, ಇದು ಮುರಿದರೆ ಗಾಲಿ ನಿಮ್ಮನ್ನು ಓವರ್‌ಟೇಕ್ ಮಾಡುತ್ತೆ.

ಬೇರಿಂಗ್ ಬಿಚ್ಚಿದಾಗ ಉಕ್ಕು ನೀಲಿಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಸುಟ್ಟಿದೆ. ತೊಳೆದು ಗ್ರೀಸ್ ತುಂಬಿ ಹಾಕಿದರೆ ನಡೆಯುವುದಿಲ್ಲ. ಒಳಗಿನದು, ಹೊರಗಿನದು, ಅವು ಕೂರುವ ಉಕ್ಕಿನ ಬಳೆ (ಕಪ್), ಸೀಲು ಎಲ್ಲಾ ಬದಲಿಸಿ. ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತೆ, ಅದರ ಫೋಟೋ ಮೊದಲೇ ಫೋನಿನಲ್ಲಿ ಇಟ್ಟುಕೊಂಡರೆ ಯಾವ ಊರಿನ ಅಂಗಡಿಯಲ್ಲೂ ತರಬಹುದು. ಕೆರೆ ದಡದಲ್ಲಿ ಹಬ್ ನೀರಲ್ಲಿ ಮುಳುಗಿದ್ದರೆ ಮನೆಗೆ ಬಂದ ತಕ್ಷಣ ಗ್ರೀಸ್ ನೋಡಿ. ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ. ಸೂಳೆಕೆರೆ ದಡದ ಎರೆಮಣ್ಣಿನಲ್ಲಿ ಒಮ್ಮೆ ಅಚ್ಚಿನವರೆಗೆ ಹೂತಿದ್ದೆವು, ಬಿಚ್ಚಿದಾಗ ಸಿಕ್ಕಿದ್ದು ಇದೇ ಬೆಳ್ಳನೆಯ ಮುದ್ದೆ.

ಗಾಲಿ ನಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗಾಲಿ ಬಿಚ್ಚಿ ಹಾಕಿದ ಮೇಲೆ 50ರಿಂದ 80 ಕಿಮೀ ಓಡಿಸಿ ಮತ್ತೊಮ್ಮೆ ಬಿಗಿ ಮಾಡಬೇಕು. ಮನೆಯಲ್ಲಿ ಕಟ್ಟುವವರು ಹಬ್ಬಿನ ಮುಖಕ್ಕೂ ಚೆನ್ನಾಗಿ ದಪ್ಪಗೆ ಪೇಂಟ್ ಬಳಿಯುತ್ತೇವೆ. ನಟ್ಟಿನ ಒತ್ತಡಕ್ಕೆ ಆ ಪೇಂಟ್ ಚಪ್ಪಟೆಯಾಗಿ ಉದುರುತ್ತೆ, ನಟ್ಟು ತಾನಾಗಿ ಸಡಿಲವಾಗುತ್ತೆ. ಹಬ್ಬೂ ಗಾಲಿಯೂ ಕೂಡುವ ಜಾಗ ಬರೀ ಕಬ್ಬಿಣವೇ ಇರಲಿ.

ಟೈರ್ ಒಂದೇ ಕಡೆ ಸವೆಯುತ್ತಿದೆ

ನಡುವೆ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಇದು ಎಲ್ಲರಿಗೂ ಗೊತ್ತು. ಎರಡೂ ಟೈರಿನ ಒಳ ಅಂಚು ಮಾತ್ರ ಸವೆದರೆ ಭಾರಕ್ಕೆ ಅಚ್ಚು ನಡುವೆ ಬಾಗಿರಬಹುದು. ಒಂದೇ ಟೈರ್ ಸವೆಯುತ್ತಿದ್ದರೆ ಅಚ್ಚು ಓರೆಯಾಗಿ ಕೂತಿದೆ. ಟೇಪು ತೆಗೆದುಕೊಂಡು ಕಪ್ಲರಿನ ನಡುಬಿಂದುವಿನಿಂದ ಅಚ್ಚಿನ ಎರಡೂ ತುದಿಗೆ ಅಳೆಯಿರಿ. 3 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಅಚ್ಚನ್ನು ಹಿಡಿದಿಡುವ ಯು-ಬೋಲ್ಟು ಸಡಿಲವಾಗಿ ಅಚ್ಚು ಜಾರಿದೆಯಾ ನೋಡಿ, ಎಷ್ಟೋ ಸಲ ಅಷ್ಟೇ ಆಗಿರುತ್ತೆ.

ಸವೆಯದ ಟೈರ್ ಒಳ್ಳೆಯ ಟೈರ್ ಅಂತಲೂ ಅಲ್ಲ. ಟ್ರೈಲರ್ ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುತ್ತೆ, ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗ್ರಿಪ್ ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಕಂಡರೆ ಅದರ ಮೇಲೆ ಮಲಗುವ ಮನೆ ಎಳೆಯಬೇಡಿ.

ಬ್ರೇಕ್ ಹಾಕಿದಾಗ, ಹೊರಟಾಗ 'ಠಣ್' ಅನ್ನುತ್ತೆ

ಬಾಲ್ ಮತ್ತು ಕಪ್ಲರ್ ಅಳತೆ ಬೇರೆ ಬೇರೆ ಇರಬಹುದು. ಪೇಟೆಯಲ್ಲಿ 50 ಮಿಮೀ ಬಾಲ್ ಸಿಗುತ್ತೆ, 2 ಇಂಚಿನದೂ ಸಿಗುತ್ತೆ. 2 ಇಂಚು ಅಂದರೆ 50.8 ಮಿಮೀ. ಕಣ್ಣಿಗೆ ಎರಡೂ ಒಂದೇ. 2 ಇಂಚಿನ ಕಪ್ಲರನ್ನು 50ರ ಬಾಲ್ ಮೇಲೆ ಕೂರಿಸಿದರೆ ಅಲ್ಲಾಡಿ ಠಣ್ ಅನ್ನುತ್ತೆ. 50ರ ಕಪ್ಲರನ್ನು 2 ಇಂಚಿನ ಬಾಲ್ ಮೇಲೆ ಕೂರಿಸಿದರೆ ಪೂರ್ತಿ ಕೂರುವುದೇ ಇಲ್ಲ, ಕೂತ ಹಾಗೆ ಕಾಣುತ್ತೆ ಅಷ್ಟೇ, ಅದು ಇನ್ನೂ ಅಪಾಯ. ಎರಡರ ಮೇಲೂ ಅಳತೆ ಒತ್ತಿರುತ್ತೆ, ಓದಿ.

ಕೂತಿದೆಯಾ ಅಂತ ತಿಳಿಯಲು ಲಾಕ್ ಹಾಕಿದ ಮೇಲೆ ಜಾಕ್‌ನಿಂದ ಟ್ರೈಲರ್ ಮೂತಿ ಎತ್ತಿ. ಜೊತೆಗೆ ಕಾರಿನ ಹಿಂಭಾಗವೂ ಎದ್ದರೆ ಸರಿ. ಮೂತಿ ಮಾತ್ರ ಎದ್ದು ಬಂದರೆ ಲಾಕ್ ಹಿಡಿದಿಲ್ಲ. ಎರಡು ಸೇಫ್ಟಿ ಚೈನ್ ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಿ, ಕಳಚಿದರೂ ಮೂತಿ ರಸ್ತೆಗೆ ನಾಟದೆ ಚೈನ್ ಮೇಲೆ ಕೂರುತ್ತೆ.

ಎಡಕ್ಕೆ ಸಿಗ್ನಲ್ ಹಾಕಿದರೆ ಹಿಂದೆ ಎಲ್ಲಾ ದೀಪ ಮಿಣುಕುತ್ತವೆ

ದೀಪ ಬದಲಿಸಬೇಡಿ. ಇದು ಅರ್ತ್ ಸಮಸ್ಯೆ, ಹತ್ತರಲ್ಲಿ ಒಂಬತ್ತು ಸಲ. ಕರೆಂಟಿಗೆ ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ದೀಪದೊಳಗಿಂದ ನುಸುಳುತ್ತೆ, ಅದಕ್ಕೇ ಎಲ್ಲವೂ ಮಂದವಾಗಿ ಕುಣಿಯುತ್ತವೆ. ಒಂದು ಉದ್ದದ ವೈರ್ ತೆಗೆದುಕೊಂಡು ಒಂದು ತುದಿ ದೀಪದ ಅರ್ತ್ ಜಾಗಕ್ಕೆ, ಇನ್ನೊಂದು ತುದಿ ಕಾರಿನ ಬರಿ ಕಬ್ಬಿಣಕ್ಕೆ ಹಿಡಿಯಿರಿ. ದೀಪ ಸರಿಯಾದರೆ ಕಳ್ಳ ಸಿಕ್ಕ. ನಮ್ಮದರಲ್ಲಿ ಅರ್ತ್ ವೈರನ್ನು ಪೇಂಟ್ ಮೇಲೆಯೇ ಸ್ಕ್ರೂ ಮಾಡಿದ್ದೆ. ಚಾಸಿಯನ್ನೇ ನಂಬದೆ ಪ್ರತಿ ದೀಪದಿಂದ ಪ್ಲಗ್ಗಿನವರೆಗೆ ಬೇರೆ ಅರ್ತ್ ವೈರ್ ಎಳೆಯುವುದು ಒಳ್ಳೆಯದು.

ಸಿಗ್ನಲ್ ಟಕಟಕ ಅಂತ ವೇಗವಾಗಿ ಹೊಡೆದುಕೊಂಡರೆ ಒಂದು ಬಲ್ಬ್ ಹೋಗಿದೆ, ಇಲ್ಲಾ ಎಲ್‌ಇಡಿ ಹಾಕಿದ್ದೀರಿ. ಏನೂ ಹತ್ತದಿದ್ದರೆ ಫ್ಯೂಸ್, ಆಮೇಲೆ ಪ್ಲಗ್ಗಿನ ಪಿನ್. ಸಾಮಾನ್ಯ 7 ಪಿನ್ನಿನ ಪ್ಲಗ್ಗಿನಲ್ಲಿ 1 ಎಡ ಸಿಗ್ನಲ್, 3 ಅರ್ತ್, 4 ಬಲ ಸಿಗ್ನಲ್, 5 ಬಲ ಹಿಂದೀಪ, 6 ಬ್ರೇಕ್ ದೀಪ, 7 ಎಡ ಹಿಂದೀಪ. 2 ಮಂಜಿನ ದೀಪಕ್ಕೆ. ವೈರಿನ ಬಣ್ಣ ನಂಬಬೇಡಿ, ಹಾಕಿದವನ ಕೈಗೆ ಯಾವುದು ಸಿಕ್ಕಿತೋ ಅದೇ ಬಣ್ಣ. ನಂಬರ್ ನೋಡಿ.

ಈಗಿನ ಕಾರುಗಳಲ್ಲಿ ದೀಪದ ವೈರ್ ಕೊಯ್ದು ನೇರ ಜೋಡಿಸಲು ಹೋಗಬೇಡಿ, ಒಳಗಿನ ಕಂಪ್ಯೂಟರ್ ಸುಟ್ಟರೆ ಟ್ರೈಲರಿಗಿಂತ ಜಾಸ್ತಿ ಬಿಲ್ ಬರುತ್ತೆ. ರಿಲೇ ಹಾಕಿ ಜೋಡಿಸಲು ಬಲ್ಲ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆ

ಮಳೆ ಬಂದಿತ್ತಾ ಇಲ್ಲವಾ, ಮೊದಲ ಪ್ರಶ್ನೆ ಅದು. ಮಳೆಯೇ ಇಲ್ಲದೆ ಗೋಡೆ ತುಂಬಾ ಸಣ್ಣ ಹನಿ ಕೂತಿದ್ದರೆ ಅದು ಸೋರಿಕೆ ಅಲ್ಲ, ನಿಮ್ಮದೇ ಉಸಿರು. ಡಿಸೆಂಬರ್ ಚಳಿಯಲ್ಲಿ ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಇಬ್ಬರು ಮಲಗಿದರೆ ಗೋಡೆ ಬೆವರುತ್ತೆ. ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದಿಟ್ಟರೆ ಮುಗಿಯಿತು. ನಾನು ಇದನ್ನು ಸೋರಿಕೆ ಅಂದುಕೊಂಡು ಎರಡು ಟ್ಯೂಬ್ ಸಿಲಿಕೋನ್ ಬಳಿದಿದ್ದೆ. ಕಿಂಡಿಯೂ ಮುಚ್ಚಿಹೋಗಿ ಮರುದಿನ ಇನ್ನೂ ಜಾಸ್ತಿ ಒದ್ದೆ.

ಒಂದೇ ಮೂಲೆ ಒದ್ದೆಯಾದರೆ, ಪ್ಲೈವುಡ್ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಕಂಡರೆ ಅದು ಸೋರಿಕೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತುಕೊಳ್ಳಿ, ಇನ್ನೊಬ್ಬರು ಹೊರಗಿನಿಂದ ಪೈಪ್ ಹಿಡಿಯಿರಿ. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲಾ ಕಡೆ ಇಳಿದು ಯಾವ ಸಂದಿ ಅಂತ ಗೊತ್ತಾಗುವುದೇ ಇಲ್ಲ. ನೀರು ಒಳಗೆ ಕಾಣುವ ಜಾಗವೂ ಹೊಕ್ಕ ಜಾಗವೂ ಒಂದೇ ಅಲ್ಲ, ಚಾವಣಿಯ ಸ್ಕ್ರೂನಲ್ಲಿ ಹೊಕ್ಕು ರೀಪರಿನ ಗುಂಟ ಎರಡು ಅಡಿ ಹರಿದು ದಿಂಬಿನ ಮೇಲೆ ಬೀಳುತ್ತೆ.

ಮುಚ್ಚುವಾಗ ಹಳೆಯ ಸೀಲಂಟ್ ಪೂರ್ತಿ ಕೆರೆದು ತೆಗೆಯಿರಿ, ಮೇಲೆ ಮೇಲೆ ಬಳಿದರೆ ನಿಲ್ಲುವುದಿಲ್ಲ. ಹಚ್ಚಿದಾಗ ವಿನೆಗರ್ ಹಾಗೆ ಹುಳಿ ವಾಸನೆ ಬರುವ ಸಿಲಿಕೋನ್ ಕಬ್ಬಿಣಕ್ಕೆ ಒಳ್ಳೆಯದಲ್ಲ, ತುಕ್ಕು ಹಿಡಿಸುತ್ತೆ, ಅದರ ಮೇಲೆ ಪೇಂಟೂ ಹಿಡಿಯುವುದಿಲ್ಲ. ಪಾಲಿಯುರಿಥೇನ್ ಸೀಲಂಟ್ ಕೇಳಿ. ಪ್ಲೈವುಡ್ ಉಬ್ಬಿ ಪದರ ಬಿಟ್ಟಿದ್ದರೆ ಆ ತುಂಡು ಕೊಯ್ದು ಬದಲಿಸುವುದೇ ದಾರಿ. ಹೊಸದು ತರುವಾಗ ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ನೀರಿಗೆ ತಡೆಯುವ ಮರೀನ್ ಪ್ಲೈ. ಎಂಆರ್ ಅಂತ ಬರೆದದ್ದು ಮನೆಯೊಳಗಿನ ಕಪಾಟಿಗೆ.

ಹಾಸಿಗೆ ಮೇಲೆ ಕೆಂಪು ಧೂಳಿನ ಪದರ

ಓಡುವಾಗ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹಿಂಬಾಗಿಲ ಸಂದಿಯಿಂದ ಧೂಳು ಒಳಗೆ ಎಳೆದುಕೊಳ್ಳುತ್ತೆ. ಬಾಗಿಲಿಗೆ ರಬ್ಬರ್ ಬೀಡಿಂಗ್ ಹಾಕಿ. ಮಣ್ಣು ರಸ್ತೆಯಲ್ಲಿ ಮುಂದಿನ ಗಾಳಿಕಿಂಡಿಗೆ ತೆಳು ಬಟ್ಟೆ ಕಟ್ಟಿ ಸ್ವಲ್ಪ ತೆರೆದಿಡಿ, ಒಳಗೆ ಒತ್ತಡ ಬಂದರೆ ಹಿಂದಿನಿಂದ ಧೂಳು ಬರುವುದಿಲ್ಲ.

ರಾತ್ರಿ ಎರಡು ಗಂಟೆಗೆ ಫ್ಯಾನ್ ನಿಂತಿತು

ಬ್ಯಾಟರಿ ಕೆಟ್ಟಿದೆ ಅನ್ನುವ ಮೊದಲು ಲೆಕ್ಕ ಹಾಕಿ. 100 ಆಂಪಿಯರ್ ಅವರ್‌ನ ಸಾಮಾನ್ಯ ಬ್ಯಾಟರಿಯಲ್ಲಿ ಬಳಸಬೇಕಾದ್ದು ಅರ್ಧ, ಅಂದರೆ 50. 2 ಆಂಪಿಯರ್ ಎಳೆಯುವ ಫ್ಯಾನ್ 8 ಗಂಟೆಗೆ 16 ತಿನ್ನುತ್ತೆ. ದೀಪ, ಫೋನು ಸೇರಿ ಇನ್ನೊಂದು ಐದಾರು. ಇಷ್ಟಕ್ಕೆ ಎರಡು ರಾತ್ರಿ ಬರಬೇಕು. ಆದರೆ ಕಾರಿಗೆ ಸಿಕ್ಕಿಸುವ ಆ ತಂಪು ಪೆಟ್ಟಿಗೆ ಇದೆಯಲ್ಲ, ಅದು 4-5 ಆಂಪಿಯರ್, ಹಗಲು ರಾತ್ರಿ ಹಾಕಿಟ್ಟರೆ ಒಂದೇ ದಿನಕ್ಕೆ 100 ಮುಗಿಸುತ್ತೆ. ನಮ್ಮ ಮಗಳ ಐಸ್‌ಕ್ರೀಂ ಆಸೆಗೆ ನಮ್ಮ ಫ್ಯಾನ್ ನಿಂತದ್ದು.

ಲೆಕ್ಕ ಸರಿಯಿದ್ದರೆ ಎಲ್ಲಾ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಅರ್ಧ, 11.8ಕ್ಕೆ ಬಂದರೆ ಖಾಲಿ. ಬ್ಯಾಟರಿಯಲ್ಲಿ 12.6 ಇದ್ದು, ಓಡುತ್ತಿರುವ ಫ್ಯಾನಿನ ಹತ್ತಿರ 11.5 ಬಂದರೆ ವೈರ್ ತೆಳುವಾಗಿದೆ, ಇಲ್ಲಾ ಟರ್ಮಿನಲ್ ತುಕ್ಕು ಹಿಡಿದಿದೆ.

ಮೀಟರ್ ಹಿಡಿಯುವಾಗ ಉಂಗುರ, ಕಡಗ ತೆಗೆದಿಡಿ. ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಕೊಳೆತ ಮೊಟ್ಟೆ ವಾಸನೆ ಬಂದರೆ ಬ್ಯಾಟರಿ ಜಾಸ್ತಿ ಚಾರ್ಜ್ ಆಗಿ ಕುದಿಯುತ್ತಿದೆ. ಬಾಗಿಲು ತೆರೆಯಿರಿ, ಬೆಂಕಿ ಕಿಡಿ ಹತ್ತಿರ ತರಬೇಡಿ, ಚಾರ್ಜಿಂಗ್ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ.

ಗ್ಯಾಸ್ ವಾಸನೆ, ಅಥವಾ ವಾಸನೆಯೇ ಇಲ್ಲದ ತಲೆನೋವು

ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಎಲ್ಲರೂ ಹೊರಗೆ ಬನ್ನಿ, ಕೈಗೆ ಸಿಕ್ಕರೆ ರೆಗ್ಯುಲೇಟರ್ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಸಿಗೆ ಮಟ್ಟದಲ್ಲೇ ಕೂತಿರುತ್ತೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಗೆ ತೂತು ಇರಬೇಕು. ಸೋರಿಕೆ ಹುಡುಕಲು ಸೋಪಿನ ನೀರು, ಗುಳ್ಳೆ ಬಂದ ಕಡೆ ಸೋರಿಕೆ. ಬೆಂಕಿಕಡ್ಡಿ ಹಿಡಿದು ನೋಡುವ ಧೈರ್ಯವಂತರು ಈಗಲೂ ಇದ್ದಾರೆ, ನೀವು ಆಗಬೇಡಿ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906.

ಚಳಿ ಅಂತ ಒಳಗೆ ಸ್ಟೌ ಉರಿಸಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಒಳಗಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ, ತಲೆಸುತ್ತು ಬಂದರೆ ದೋಷ ಹುಡುಕುತ್ತಾ ಕೂರಬೇಡಿ, ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ

ಕೊನೆಯದು, ಕಣ್ಣಿಗೆ ಬೀಳುವುದೇ ಕಷ್ಟ. ಮೂತಿಯ ಎರಡು ಕಬ್ಬಿಣ ಚಾಸಿಯ ಮೊದಲ ಅಡ್ಡಪಟ್ಟಿಗೆ ಸೇರುವ ಜಾಗ, ಮತ್ತೆ ಲೀಫ್ ಸ್ಪ್ರಿಂಗ್ ತೂಗುವ ಬ್ರಾಕೆಟ್, ಈ ಎರಡು ಕಡೆ ನೋಡಿ. ಪೇಂಟ್ ಬಿರಿದು ಅದರಿಂದ ತುಕ್ಕಿನ ನೀರು ಇಳಿದ ಕಲೆ ಇದ್ದರೆ ಅನುಮಾನಪಡಬೇಕು. ಅದು ಬರೀ ಪೇಂಟಿನ ಬಿರುಕಾ ಕಬ್ಬಿಣದ್ದಾ ಅಂತ ತಿಳಿಯಲು ಹಳೇ ಉಪಾಯ ಇದೆ. ಪೇಂಟ್ ಕೆರೆದು ಆ ಜಾಗಕ್ಕೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಅಥವಾ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಸಣ್ಣ ಕಪ್ಪು ಗೆರೆ ಮೂಡುತ್ತೆ.

ಗೆರೆ ಮೂಡಿದರೆ ಅಲ್ಲಿಗೆ ಪ್ರಯಾಣ ನಿಲ್ಲಿಸಿ. ನಿಧಾನವಾಗಿ ಹೋಗಿಬಿಡೋಣ ಅನ್ನುವುದು ಬೇಡ. ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ 1033ಕ್ಕೆ ಫೋನ್ ಮಾಡಬಹುದು. ಬಿರುಕಿನ ಮೇಲೆಯೇ ಒಂದು ಗೆರೆ ವೆಲ್ಡಿಂಗ್ ಎಳೆದು ಕಳಿಸುವವರು ಸಿಗುತ್ತಾರೆ, ಬೇಡ ಅನ್ನಿ. ಬಿರುಕನ್ನು ಗ್ರೈಂಡರಿನಿಂದ ಬುಡದವರೆಗೆ ಬಿಡಿಸಿ, ತುಂಬಿ, ಮೇಲೊಂದು ಪಟ್ಟಿ ಕೊಡುವವರ ಹತ್ತಿರ ಮಾಡಿಸಿ. ವೆಲ್ಡಿಂಗ್ ಶುರುವಾಗುವ ಮೊದಲು ಟ್ರೈಲರ್ ಪ್ಲಗ್ ಕಾರಿನಿಂದ ಕಿತ್ತಿಡಿ, ಬ್ಯಾಟರಿ ಬಿಚ್ಚಿ, ಸಿಲಿಂಡರ್ ಇಳಿಸಿ ದೂರ ಇಡಿ. ನಮ್ಮದರಲ್ಲಿ ಗೆರೆ ಕಂಡದ್ದು ಹೊಳಲ್ಕೆರೆ ಹತ್ತಿರ, ಸಂಜೆ ಆರಕ್ಕೆ. ಟ್ರೈಲರ್ ಒಂದು ಸಣ್ಣ ಲಾರಿಯ ಮೇಲೆ ಹತ್ತಿ ಮನೆಗೆ ಬಂತು. ಡ್ರೈವರ್ ಹಗ್ಗ ಕಟ್ಟುತ್ತಾ ಕೇಳಿದ, "ಸರ, ಇದರೊಳಗೆ ನಾನು ಮಲಗಿದ್ರೆ ನಡೀತೈತಾ? ಊರು ಬರೋವರೆಗೂ ನೀವೇ ಓಡಿಸ್ರಿ."